ನೋವು ಮಂಡಿಯಲ್ಲಿ, ರೋಗ ಸೊಂಟದಲ್ಲಿ

ಮಂಡಿಯೋ ಮೊಣಕೈಯೋ ಊದಿಕೊಂಡರೆ ಮನೆಯವರ ಕಣ್ಣಿಗೆ ಬೀಳುತ್ತದೆ. ಸೊಂಟದ ಕೀಲು ಹಾಗಲ್ಲ. ದಪ್ಪನೆಯ ಸ್ನಾಯುಗಳ ಅಡಿಯಲ್ಲಿ ಹುದುಗಿರುವ ಈ ಕೀಲಿನಲ್ಲಿ ಏನೇ ಕೆಟ್ಟರೂ ಹೊರಗೆ ಗುರುತು ಕಾಣುವುದು ಕಡಿಮೆ. ಮೇಲಾಗಿ, ಸೊಂಟದ ಕೀಲಿಗೆ ಹೋಗುವ ನರದ ಕವಲುಗಳೇ ಮಂಡಿಯ ಕಡೆಗೂ ಹರಡಿರುವುದರಿಂದ, ಕೀಲು ಕೆಟ್ಟ ಎಷ್ಟೋ ಮಕ್ಕಳು ತೊಡೆಯನ್ನೋ ಮಂಡಿಯನ್ನೋ ತೋರಿಸಿ ಅಲ್ಲಿಯೇ ನೋವು ಎನ್ನುತ್ತಾರೆ. ಮಂಡಿಯ ಎಕ್ಸ್‌ರೇ ತೆಗೆಸಿ, ಅದರಲ್ಲಿ ಏನೂ ಇಲ್ಲವೆಂದು ಸಮಾಧಾನಪಟ್ಟುಕೊಂಡು, ಎಣ್ಣೆ ತಿಕ್ಕಿಸುತ್ತಾ ಕಳೆಯುವ ತಿಂಗಳುಗಳೇ ಮಕ್ಕಳ ಸೊಂಟದ ರೋಗಗಳಲ್ಲಿ ಹೆಚ್ಚು ಹಾನಿ ಮಾಡುತ್ತವೆ.

ಇಂಥ ರೋಗಗಳಲ್ಲಿ ಕರ್ನಾಟಕಕ್ಕೆ ವಿಶೇಷವಾಗಿ ಸಂಬಂಧಿಸಿದ್ದು ಪರ್ಥಿಸ್ ರೋಗ. 1910ರಲ್ಲಿ ಅಮೆರಿಕದ ಆರ್ಥರ್ ಲೆಗ್, ಫ್ರಾನ್ಸಿನ ಝಾಕ್ ಕಾಲ್ವೆ, ಜರ್ಮನಿಯ ಗೇಯಾರ್ಗ್ ಪರ್ಥಿಸ್ ಎಂಬ ಮೂವರು ವೈದ್ಯರು ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ಅದಕ್ಕೆ ಮುಂಚೆ ಇದನ್ನು ಮೂಳೆಯ ಕ್ಷಯವೆಂದೇ ಭಾವಿಸಲಾಗುತ್ತಿತ್ತು. ಭಾರತದ ನೈಋತ್ಯ ಕರಾವಳಿಯಲ್ಲಿ, ಅದರಲ್ಲೂ ಉಡುಪಿಯ ಸುತ್ತಿನಲ್ಲಿ, ಈ ರೋಗ ದೇಶದ ಇತರ ಭಾಗಗಳಿಗಿಂತ ಹೆಚ್ಚು ಎಂಬುದನ್ನು ಮಣಿಪಾಲದ ವೈದ್ಯರು 1980ರ ದಶಕದಲ್ಲಿಯೇ ದಾಖಲಿಸಿದ್ದು, ಅಲ್ಲಿನ ಮೂಳೆತಜ್ಞ ಬೆಂಜಮಿನ್ ಜೋಸೆಫ್ ಅವರ ಅಧ್ಯಯನಗಳನ್ನು ಈ ವಿಷಯದಲ್ಲಿ ಜಗತ್ತಿನ ತಜ್ಞರು ಇಂದಿಗೂ ಉಲ್ಲೇಖಿಸುತ್ತಾರೆ. ಕರಾವಳಿಯಲ್ಲೇ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಮಾತ್ರ ಒಪ್ಪಿತವಾದ ಉತ್ತರ ಸಿಕ್ಕಿಲ್ಲ.

ತೊಡೆಮೂಳೆಯ ಮೇಲ್ತುದಿಯಲ್ಲಿರುವ ದುಂಡನೆಯ ತಲೆ ಸೊಂಟದ ಮೂಳೆಯ ಬಟ್ಟಲಿನಂಥ ಗುಳಿಯಲ್ಲಿ ಕುಳಿತು ತಿರುಗುತ್ತದೆ. ಸುಮಾರು ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಈ ತಲೆಗೆ ರಕ್ತ ಒದಗುವುದು ಬಹುಪಾಲು ಒಂದೇ ಗುಂಪಿನ ಸಣ್ಣ ರಕ್ತನಾಳಗಳಿಂದ. ಅವುಗಳಲ್ಲಿ ಹರಿವು ನಿಂತಾಗ ತಲೆಯೊಳಗಿನ ಮೂಳೆ ಸಾಯುತ್ತದೆ, ಇದೇ ಪರ್ಥಿಸ್ ರೋಗ. ಇದು ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಮಗು ಅಳುವುದಿಲ್ಲ, ಜ್ವರವಿರುವುದಿಲ್ಲ. ಸಂಜೆಯ ಹೊತ್ತಿಗೆ ಸ್ವಲ್ಪ ಕುಂಟುತ್ತದೆ, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕುಳಿತಾಗ ಒಂದು ಮಂಡಿ ಇನ್ನೊಂದಕ್ಕಿಂತ ಮೇಲೆ ನಿಲ್ಲುತ್ತದೆ.

ಸತ್ತ ಮೂಳೆಯನ್ನು ದೇಹವೇ ಕರಗಿಸಿ ಹೊಸ ಮೂಳೆ ಕಟ್ಟುತ್ತದೆ ಎಂಬುದು ಈ ರೋಗದ ಸಮಾಧಾನಕರ ಸಂಗತಿ. ಆದರೆ ಆ ಕೆಲಸಕ್ಕೆ ಎರಡರಿಂದ ನಾಲ್ಕು ವರ್ಷ ಹಿಡಿಯುತ್ತದೆ, ಆ ಅವಧಿಯ ಮೊದಲ ಭಾಗದಲ್ಲಿ ತಲೆ ಚೂರಾಗಿ ಮೆತ್ತಗಿರುತ್ತದೆ. ಮೆತ್ತಗಿನ ತಲೆ ಗುಳಿಯಿಂದ ಪಕ್ಕಕ್ಕೆ ಸರಿದರೆ ಗುಳಿಯ ಅಂಚು ಅದನ್ನು ಒತ್ತಿ ಚಪ್ಪಟೆ ಮಾಡುತ್ತದೆ. ಪೂರ್ತಿ ಒಳಗೇ ಉಳಿದರೆ, ಇಡ್ಲಿ ತಟ್ಟೆಯ ಕುಳಿ ಹಿಟ್ಟಿಗೆ ಆಕಾರ ಕೊಡುವಂತೆ, ಗುಳಿಯೇ ಅದನ್ನು ದುಂಡಗೆ ಉಳಿಸುತ್ತದೆ. ಶಸ್ತ್ರಚಿಕಿತ್ಸೆಯ ಇಡೀ ತರ್ಕ ಇಷ್ಟೆ: ರಕ್ತವನ್ನು ಮರಳಿ ಹರಿಸುವುದಲ್ಲ, ತಲೆಯನ್ನು ಗುಳಿಯೊಳಗೆ ಇರಿಸುವುದು. ಇದಕ್ಕಾಗಿ ತೊಡೆಮೂಳೆಯನ್ನು ಕತ್ತಿನ ಕೆಳಭಾಗದಲ್ಲಿ ಕತ್ತರಿಸಿ, ತಲೆ ಗುಳಿಯ ಒಳಮುಖಕ್ಕೆ ಬಾಗುವಂತೆ ಕೋನ ಬದಲಿಸಿ, ಪ್ಲೇಟು ಮತ್ತು ಸ್ಕ್ರೂಗಳಿಂದ ಜೋಡಿಸುತ್ತಾರೆ. ಅಥವಾ ಸೊಂಟದ ಮೂಳೆಯನ್ನೇ ಕತ್ತರಿಸಿ, ಗುಳಿಯ ಚಾವಣಿಯನ್ನು ತಲೆಯ ಮೇಲೆ ಮುಂದಕ್ಕೆ ತರುತ್ತಾರೆ. ಆರು ವರ್ಷದೊಳಗೆ ರೋಗ ಬಂದವರಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದೇ ಇಲ್ಲ, ನಿಗಾ ಸಾಕು. ಎಂಟು ದಾಟಿದವರಿಗೆ ಬೇಕಾಗುವ ಸಂಭವ ಹೆಚ್ಚು. ಅದೂ ತಲೆ ಚಪ್ಪಟೆಯಾಗುವ ಮುನ್ನ ನಡೆದರೆ ಮಾತ್ರ ಅದಕ್ಕೆ ಪೂರ್ಣ ಬೆಲೆ. ಮೂಳೆ ಕತ್ತರಿಸುವುದೆಂದರೆ ಹೆದರುವ ತಂದೆತಾಯಿ ಕಾದು ನೋಡೋಣ ಎನ್ನುವುದು ಸಹಜವೇ. ಆದರೆ ತಜ್ಞರು ನಿಗಾ ಇಟ್ಟು ಕಾಯುವುದಕ್ಕೂ ಮನೆಯವರು ಸುಮ್ಮನೆ ಕಾಯುವುದಕ್ಕೂ ಬಹಳ ಅಂತರವಿದೆ.

ಪರ್ಥಿಸ್‌ನಲ್ಲಿ ಸಿಗುವ ಈ ಕಾಲಾವಕಾಶ ಹದಿಹರೆಯದ ಇನ್ನೊಂದು ರೋಗದಲ್ಲಿ ಸಿಗುವುದಿಲ್ಲ. ಹತ್ತರಿಂದ ಹದಿನಾರು ವರ್ಷದೊಳಗೆ ಎತ್ತರ ವೇಗವಾಗಿ ಹೆಚ್ಚುವಾಗ, ತೊಡೆಮೂಳೆಯ ತಲೆಗೂ ಕತ್ತಿಗೂ ನಡುವಿನ ಬೆಳವಣಿಗೆಯ ಪದರ, ಅಂದರೆ ಮೂಳೆ ಉದ್ದವಾಗಲು ಕಾರಣವಾದ ಮೃದ್ವಸ್ಥಿಯ ತೆಳು ಬಿಲ್ಲೆ, ಸಡಿಲಗೊಂಡು ತಲೆ ಕತ್ತಿನಿಂದ ಜಾರಬಹುದು. ಮೈತೂಕ ಹೆಚ್ಚಿರುವವರಲ್ಲಿ ಇದು ಸಾಮಾನ್ಯ. ಥೈರಾಯ್ಡ್ ಕೊರತೆಯಂಥ ಹಾರ್ಮೋನು ದೋಷವಿರುವ ತೆಳ್ಳನೆಯ ಮಕ್ಕಳಲ್ಲೂ ಕಾಣಿಸುತ್ತದೆ. ಪಾದ ಹೊರಗೆ ತಿರುಗಿಸಿ ಕುಂಟುತ್ತಾ ನಡೆಯುವ, ಮಂಡಿ ನೋವೆನ್ನುವ ಹುಡುಗನ ಸೊಂಟದ ಎಕ್ಸ್‌ರೇಯಲ್ಲಿ ಜಾರಿಕೆ ಕಂಡಿತೆಂದರೆ ಅಂದಿನಿಂದಲೇ ಕಾಲೂರುವುದನ್ನು ನಿಲ್ಲಿಸಬೇಕು. ಸಣ್ಣ ಗಾಯದ ಮೂಲಕ ಒಂದು ಸ್ಕ್ರೂ ಹಾಕಿ, ತಲೆ ಇದ್ದಲ್ಲಿಯೇ ನಿಲ್ಲುವಂತೆ ಮಾಡುವುದು ರೂಢಿಯ ಚಿಕಿತ್ಸೆ. ತಡಮಾಡಿ, ಹೆಜ್ಜೆಯಿಡಲೂ ಆಗದಷ್ಟು ತೀವ್ರವಾಗಿ ಜಾರಿದಾಗ ತಲೆಯ ರಕ್ತನಾಳಗಳೇ ಹರಿದು ಮೂಳೆ ಸಾಯುವ ಅಪಾಯ ಬಹಳ ಹೆಚ್ಚುತ್ತದೆ.

ನೋವೆಂದು ಹೇಳಲಾರದ ಎಳೆಯ ಶಿಶುಗಳಲ್ಲಿ ಕಾಣುವುದು ಕೀಲು ಸರಿಯಾಗಿ ರೂಪುಗೊಳ್ಳದೆ ಜಾರಿಹೋಗುವ ದೋಷ. ಹೆಣ್ಣುಶಿಶುಗಳಲ್ಲಿ, ಗರ್ಭದಲ್ಲಿ ಕುಂಡೆ ಕೆಳಗಾಗಿದ್ದವರಲ್ಲಿ, ಮನೆತನದಲ್ಲಿ ಈ ತೊಂದರೆಯಿದ್ದವರಲ್ಲಿ ಇದರ ಸಾಧ್ಯತೆ ಹೆಚ್ಚು. ಆರು ತಿಂಗಳೊಳಗೆ ಗೊತ್ತಾದರೆ, ಚೆಕ್ ವೈದ್ಯ ಆರ್ನಾಲ್ಡ್ ಪಾವ್ಲಿಕ್ ರೂಪಿಸಿದ ಬಟ್ಟೆಯ ಪಟ್ಟಿಗಳನ್ನು ಕಟ್ಟಿ, ಕಾಲುಗಳನ್ನು ಮಡಚಿ ಅಗಲಿಸಿ ಇರಿಸಿದರೆ ಬಹುಪಾಲು ಕೀಲುಗಳು ಸ್ವಸ್ಥಾನ ಸೇರುತ್ತವೆ. ವರ್ಷ ತುಂಬುವ ಹೊತ್ತಿಗೆ ಅರಿವಳಿಕೆ ಕೊಟ್ಟು ಕೀಲು ಕೂರಿಸಿ ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಬೇಕಾಗುತ್ತದೆ. ಒಂದೂವರೆ ವರ್ಷ ದಾಟಿದರೆ ಸಾಮಾನ್ಯವಾಗಿ ಕೀಲನ್ನು ತೆರೆದು, ಹಲವೊಮ್ಮೆ ಸೊಂಟದ ಮೂಳೆಯನ್ನೂ ಕತ್ತರಿಸಿ ಸರಿಪಡಿಸಬೇಕಾಗುತ್ತದೆ. ಮಗುವನ್ನು ಕಾಲು ಅಗಲಿಸಿ ಕಂಕುಳಲ್ಲಿ ಎತ್ತಿಕೊಳ್ಳುವ ನಮ್ಮ ರೂಢಿ ಕೀಲಿಗೆ ಹಿತವೇ. ಎರಡೂ ಕಾಲು ನೀಳವಾಗಿ ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಮಾತ್ರ ಹಿತವಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಶಿಶುಗಳ ಈ ಸೊಂಟದ ದೋಷವೂ ಸೇರಿದ್ದು, ದೋಷ ಪತ್ತೆಯಾದವರಿಗೆ ಉಚಿತ ಚಿಕಿತ್ಸೆಯ ಅವಕಾಶವಿದೆ. ಮಗು ಒಂದು ವಾರಕ್ಕೂ ಮೀರಿ ಕುಂಟುತ್ತಿದ್ದರೆ, ಅದು ತೋರಿಸುವುದು ಮಂಡಿಯನ್ನೇ ಆದರೂ, ಎರಡೂ ಸೊಂಟದ ಕೀಲುಗಳ ಎಕ್ಸ್‌ರೇ ತೆಗೆಯಬೇಕೇ ಎಂದು ತಂದೆತಾಯಿ ವೈದ್ಯರನ್ನು ಕೇಳಬೇಕು; ಕುಂಟುವಿಕೆಯ ಜೊತೆಗೆ ಜ್ವರವೂ ಇದ್ದರೆ ಕೀಲಿನಲ್ಲಿ ಕೀವು ತುಂಬಿರಬಹುದಾದ್ದರಿಂದ, ವಾರ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.