ಬೋಳುಗುಡ್ಡದ ಕೆಳಗೆ ಪ್ಲೇಟೋ

ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಹೆಚ್ಚಾಗಿ ಕಾಣುವುದು ಕೆಂಪು ಹೊಲ, ಕಲ್ಲುಗುಡ್ಡ. ಮೊದಲು ಆಂಧ್ರ, ನಡುವೆ ಕರ್ನಾಟಕ, ಮತ್ತೆ ಆಂಧ್ರ. ಬಸ್ಸಿನೊಳಗೆ ಕನ್ನಡ ತೆಲುಗು ಬೆರೆತು ಹೋಗಿರುತ್ತವೆ. ಹಿಂದೊಮ್ಮೆ ಹೀಗೆ ಪ್ರಯಾಣ ಮಾಡುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯ ರೈತರೊಬ್ಬರು ನಮ್ಮನ್ನು ಕೇಳಿದರು: "ಫಾದರ್, ಭೂಮಿ ಇರೋದು ಮನುಷ್ಯನಿಗೋಸ್ಕರ ಅಂತೀರಿ. ನಾಲ್ಕು ಬೋರ್ ಕೊರೆಸಿದೆ, ನಾಲ್ಕರಲ್ಲೂ ಬಂದಿದ್ದು ಧೂಳು. ಯಾರಿಗೋಸ್ಕರ ಇದೆ ಹಾಗಾದ್ರೆ?"

ಗುರುಮಠದಲ್ಲಿ ತತ್ವಶಾಸ್ತ್ರ ಓದಿದವರೆಂಬ ಹೆಮ್ಮೆ ನಮಗಿತ್ತು. ಆದರೂ ಬಾಯಿ ಕಟ್ಟಿತು. ನೆನಪಿಗೆ ಬಂದದ್ದು ಅರಿಸ್ಟಾಟಲನ ಪಾಠ. ಸಸ್ಯಕ್ಕೆ ಬೆಳೆಯುವ, ಸಂತಾನ ಪಡೆಯುವ ಶಕ್ತಿ ಇದೆ. ಪ್ರಾಣಿಗೆ ಅದರ ಜೊತೆಗೆ ಇಂದ್ರಿಯಜ್ಞಾನವಿದೆ. ಮನುಷ್ಯನಿಗೆ ಇವೆರಡರ ಮೇಲೆ ವಿವೇಕವಿದೆ. ಸಂತ ಥಾಮಸ್ ಅಕ್ವಿನಾಸರ ಮೂಲಕ ಈ ಮೂರು ಮೆಟ್ಟಿಲು ನಮ್ಮ ಪಾಠಗಳಿಗೂ ಇಳಿದು ಬಂದವು. 'ರಾಜಕೀಯ' ಎಂಬ ಗ್ರಂಥದಲ್ಲಿ ಅವನು ಇನ್ನೂ ಮುಂದೆ ಹೋಗಿ, ಸಸ್ಯಗಳಿರುವುದು ಪ್ರಾಣಿಗಳಿಗಾಗಿ, ಪ್ರಾಣಿಗಳಿರುವುದು ಮನುಷ್ಯನಿಗಾಗಿ ಎಂದ. ಸ್ಟೋಯಿಕ್ ಪಂಥದ ಕ್ರಿಸಿಪ್ಪಸನಂತೂ ಹಂದಿಗೆ ಜೀವ ಕೊಟ್ಟಿರುವುದು ಉಪ್ಪಿನ ಹಾಗೆ, ಮಾಂಸ ಕೆಡದಿರಲಿ ಎಂದು ಎಂದನಂತೆ! ಈ ಮಾತು ಬಂದಾಗ ನಮ್ಮ ತರಗತಿ ಇಡೀ ನಕ್ಕಿತ್ತು.

ಆದರೆ ಅರಿಸ್ಟಾಟಲನ ಮನೆಯಲ್ಲೇ ಬೇರೆ ದನಿಯೂ ಇತ್ತು. ಕ್ರಿ.ಪೂ. 322ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಶಾಲೆಯನ್ನು ನಡೆಸಿದವನು ಥಿಯೋಫ್ರಾಸ್ಟಸ್, ಗಿಡಮರಗಳ ಬಗ್ಗೆ ದೊಡ್ಡ ಗ್ರಂಥಗಳನ್ನೇ ಬರೆದವನು. ಹಣ್ಣಿನ ತಿರುಳು ಮಾಗುವುದು ನಮಗೆ ಉಪಯೋಗ. ಬೀಜ ಬಲಿಯುವುದು ಮರದ ಸ್ವಂತ ಕೆಲಸ ಎಂದು ಅವನು ಬೇರ್ಪಡಿಸಿ ನೋಡಿದ. ಪ್ರಾಣಿಗಳು ನಮ್ಮ ಬಂಧುಗಳು, ಅವುಗಳನ್ನು ಬಲಿ ಕೊಡುವುದು ಅನ್ಯಾಯ ಎಂದೂ ವಾದಿಸಿದ. ಗುರುವಿಗೆ ಎದುರಾಡುವ ಇಂಥ ಶಿಷ್ಯನ ಬಗ್ಗೆ ನಮಗೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯೂ ಬರಲಿಲ್ಲ.

ಹಿಂದೂಪುರದ ಹತ್ತಿರದ ವೀರಾಪುರದಲ್ಲಿ ಥಿಯೋಫ್ರಾಸ್ಟಸನ ಹೆಸರು ಯಾರಿಗೂ ಗೊತ್ತಿರಲಾರದು. ಅಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಿಕ್ಕೆ ಅಂಗಳಕ್ಕೆ ಬೀಳುತ್ತದೆ, ವಾಸನೆ ಮೂಗಿಗೆ ಬಡಿಯುತ್ತದೆ; ಆದರೂ ಜನ ಓಡಿಸುವುದಿಲ್ಲ. ಹಕ್ಕಿ ಬಂದರೆ ಮಳೆ ಬರುತ್ತದೆಂಬ ನಂಬಿಕೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರೂ ಇದೇ ಬಗೆಯ ಮಂದಿ.

ಮಳೆಯ ಮಾತು ಬಂತು. ಹಳೆಯ ಅನಂತಪುರ ಜಿಲ್ಲೆಗೆ (2022ರಲ್ಲಿ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು) ವರ್ಷಕ್ಕೆ ಸರಾಸರಿ ಸುಮಾರು 550 ಮಿ.ಮೀ. ಮಳೆ. ಆಥೆನ್ಸಿನಲ್ಲಿ ಬೀಳುವುದು ಅದಕ್ಕಿಂತಲೂ ಕಡಿಮೆ. ಆ ಆಥೆನ್ಸಿನ ಸುತ್ತಲ ನಾಡಿನ ಬಗ್ಗೆ ಪ್ಲೇಟೋ 'ಕ್ರಿಟಿಯಾಸ್' ಎಂಬ ಸಂವಾದದಲ್ಲಿ ಹೇಳಿಸುವ ಮಾತುಗಳನ್ನು ನಾವು ಆ ರೈತರಿಗೆ ತಿಳಿದಷ್ಟು ಹೇಳಿದೆವು. ಒಂದು ಕಾಲಕ್ಕೆ ಅಲ್ಲಿನ ಬೆಟ್ಟಗಳ ಮೇಲೆ ದಪ್ಪ ಮಣ್ಣಿತ್ತು, ಕಾಡಿತ್ತು. ಮಣ್ಣು ಮಳೆಯನ್ನು ಕುಡಿದು ಒಳಗಿಟ್ಟುಕೊಂಡು, ತಗ್ಗಿನ ಊರುಗಳಿಗೆ ಊಟೆಯಾಗಿ ಕೊಡುತ್ತಿತ್ತು. ಈಗ ಮೆತ್ತನೆಯ ಮಣ್ಣೆಲ್ಲ ಕೊಚ್ಚಿ ಹೋಗಿ, ಕಾಯಿಲೆ ಬಿದ್ದ ದೇಹದ ಎಲುಬಿನ ಹಾಗೆ ನೆಲ ಉಳಿದಿದೆ. ಬಿದ್ದ ಮಳೆ ಸುಮ್ಮನೆ ಸಮುದ್ರಕ್ಕೆ ಹರಿಯುತ್ತದೆ. ಬೆಟ್ಟಗಳಲ್ಲಿ ಜೇನುಹುಳುವಿಗೆ ಮಾತ್ರ ಆಹಾರ. ಅಲ್ಲಿಂದ ಕಡಿದು ತಂದ ದೊಡ್ಡ ತೊಲೆಗಳು ಇನ್ನೂ ಕಟ್ಟಡಗಳ ಮಾಡಿನಲ್ಲಿ ಗಟ್ಟಿಯಾಗಿವೆ, ಮರಗಳಿಲ್ಲ. ಊಟೆ ಇದ್ದ ಜಾಗಗಳಲ್ಲಿ ಗುಡಿಗಳಷ್ಟೇ ಉಳಿದಿವೆ.

"ನಮ್ಮೂರಲ್ಲೂ ಬತ್ತಿದ ಬಾವಿ ಪಕ್ಕ ಗಂಗಮ್ಮನ ಗುಡಿ ಇದೆ," ಎಂದರು ಅವರು ತಟ್ಟನೆ. "ನಮ್ಮಪ್ಪನ ಕಾಲದಲ್ಲಿ ಆ ಬಾವೀಲಿ ಕಪಿಲೆ ಹೊಡೀತಿದ್ರು. ಗುಡ್ಡದ ಮೇಲೆ ಮರ ಇದ್ದವು. ಕಡಿದೋರು ನಾವೇ."

ಸುಮಾರು 2,350 ವರ್ಷ ಹಳೆಯ ಆ ಮಾತು ಅವರಿಗೆ ಪಕ್ಕದೂರಿನ ಸುದ್ದಿಯ ಹಾಗೆ ಕೇಳಿಸಿತು. ನಮಗೆ ಅನಿಸಿದ್ದಿಷ್ಟು: ಮನುಷ್ಯ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಾನೋ ಇಲ್ಲವೋ ಎಂಬ ವಾದ ಮುಗಿಯುವುದಿಲ್ಲ. ಆದರೆ ಏಣಿ ನಿಂತಿರುವುದು ಮಣ್ಣಿನ ಮೇಲೆ. ಅರಿಸ್ಟಾಟಲನಿಗಿಂತ ಅವನ ಗುರು ಇದನ್ನು ಚೆನ್ನಾಗಿ ಕಂಡಿದ್ದ.

ಕಲ್ಯಾಣದುರ್ಗ ಹತ್ತಿರವಾಯಿತು. ಇಳಿಯುವ ಮುನ್ನ ಅವರು ಚೀಲ ಹೆಗಲಿಗೇರಿಸಿ ಕೇಳಿದರು: "ಆಮೇಲೆ ಆ ಊರಿನೋರು ಏನ್ ಮಾಡಿದ್ರು, ಫಾದರ್?"

ಪ್ಲೇಟೋ ಆ ಪುಸ್ತಕವನ್ನು ಮುಗಿಸಲಿಲ್ಲ. ಅದು ಒಂದು ವಾಕ್ಯದ ನಡುವೆಯೇ ನಿಂತುಹೋಗಿದೆ. ಅದನ್ನೇ ಹೇಳಿದೆವು. ಅವರು ತಲೆಯಾಡಿಸಿ ಇಳಿದು ಹೋದರು.