ಕೆಲಸ ಹುಡುಕಲು ಪರಿಚಯಸ್ಥರು ಮತ್ತು ಸಾಮಾಜಿಕ ಜಾಲತಾಣ: ಬಳಸುವುದು ಹೇಗೆ?



ನಮ್ಮ ಅಂಗಡಿಗೆ ಬರುವವರಲ್ಲಿ ಕೆಲವರು ಸಾಮಾನು ಕಟ್ಟಿಸಿಕೊಂಡ ಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಉಳಿದ ಗಿರಾಕಿಗಳು ಹೋದ ನಂತರ ಮೆಲ್ಲಗೆ ಹೇಳುತ್ತಾರೆ: "ಅಣ್ಣಾ, ಮಗನ ಡಿಗ್ರಿ ಮುಗಿದು ಎರಡು ವರ್ಷ ಆಯಿತು. ಎಲ್ಲಾದರೂ ಒಂದು ಕೆಲಸ ನೋಡಿ."

ಹೀಗೆ ಬಂದ ಒಬ್ಬ ಬಿ.ಕಾಂ. ಹುಡುಗನ ಬಯೋಡೇಟಾವನ್ನು ನನ್ನ ಮೊಬೈಲಿನಲ್ಲಿದ್ದ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹಾಕಿದೆ. ಹತ್ತಾರು ಜನ ಕೈಮುಗಿದ ಚಿತ್ರ ಕಳುಹಿಸಿದರು. ಬಂದದ್ದು ಒಂದೇ ಫೋನ್: ಕೆಲಸ ಖಾತ್ರಿ, ನೋಂದಣಿಗೆ ಮೂರು ಸಾವಿರ ಕಟ್ಟಿ ಎಂದು. ಹುಡುಗನ ಜನ್ಮ ದಿನಾಂಕ, ವಿಳಾಸ, ಆಧಾರ್ ಸಂಖ್ಯೆ ಎಲ್ಲವೂ ಆ ಬಯೋಡೇಟಾದಲ್ಲಿತ್ತು. ನೋಡದೆ ಹಾಕಿದ ತಪ್ಪು ನನ್ನದೇ. ಕೊನೆಗೆ ಕೆಲಸದ ಸುದ್ದಿ ತಂದವರು ವರ್ಷಕ್ಕೆ ಎರಡು ಸಲ ಮಾತ್ರ ಅಂಗಡಿಗೆ ಬರುವ ಒಬ್ಬ ಕಂಪನಿ ಪ್ರತಿನಿಧಿ. ಅವರ ಡಿಪೋದಲ್ಲಿ ಲೆಕ್ಕ ನೋಡುವವರು ಬೇಕಾಗಿದ್ದರು.

ದೂರದ ಪರಿಚಯವೇ ಏಕೆ?

ಇದು ಆಕಸ್ಮಿಕವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನೇ ಬರೆದರು. ಪರಿಚಯದಿಂದ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಪದೇ ಪದೇ ಭೇಟಿಯಾಗುವ ಆಪ್ತರಿಂದ ಸುದ್ದಿ ಸಿಕ್ಕಿದ್ದು 100ರಲ್ಲಿ ಸುಮಾರು 17 ಜನರಿಗೆ ಮಾತ್ರ. ಉಳಿದವರಿಗೆ ಸುದ್ದಿ ಕೊಟ್ಟವರು ಆಗಾಗ ಅಥವಾ ಅಪರೂಪಕ್ಕೆ ಸಿಗುವವರು. ಲಿಂಕ್ಡ್‌ಇನ್ ಬಳಸುವ ಸುಮಾರು 2 ಕೋಟಿ ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ, ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದವರಿಂದಲೇ ಹೆಚ್ಚು ಅನುಕೂಲ ಎಂದು ತೋರಿಸಿತು.

ಕಾರಣ ಸರಳ. ನಮ್ಮ ಬಂಧು ಬಳಗದವರು ಅದೇ ಮದುವೆ, ಅದೇ ಸಮಾರಂಭಗಳಲ್ಲಿ ಸೇರುವವರು. ನಮಗೆ ತಿಳಿಯದ ಸುದ್ದಿ ಅವರಿಗೂ ತಿಳಿದಿರುವುದು ಕಡಿಮೆ. ಬೇರೆ ಊರು, ಬೇರೆ ವೃತ್ತಿಯವರಿಗೆ ಬೇರೆ ಸುದ್ದಿ ಗೊತ್ತಿರುತ್ತದೆ.

ಮೊದಲು ಪಟ್ಟಿ ಮಾಡಿ

ಕಾಲೇಜಿನ ಅಧ್ಯಾಪಕರು, ಎರಡು ಮೂರು ವರ್ಷ ಮುಂದೆ ಓದಿದವರು, ಹಾಸ್ಟೆಲ್ ಸ್ನೇಹಿತರು, ಮನೆಯ ಲೆಕ್ಕ ನೋಡುವ ಆಡಿಟರ್, ತಂದೆಯ ಹಳೆಯ ಸಹೋದ್ಯೋಗಿಗಳು, ಬೆಂಗಳೂರು ಪುಣೆಗೆ ಹೋಗಿ ನೆಲೆಸಿದ ನೆರೆಹೊರೆಯವರು. ಬರೆಯುತ್ತಾ ಹೋದರೆ ಸುಲಭವಾಗಿ ಮೂವತ್ತು ಹೆಸರು ಸಿಗುತ್ತವೆ.

ಕೇಳುವುದು ಹೇಗೆ?

ತಂದೆ ತಾಯಿ ಪರಿಚಯ ಮಾಡಿಕೊಡಲಿ, ಆದರೆ ಮಾತನಾಡುವುದು ಮಕ್ಕಳೇ ಆಗಲಿ. "ಯಾವುದಾದರೂ ಕೆಲಸ ಕೊಡಿಸಿ" ಎಂದರೆ ಎದುರಿನವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಹೀಗೆ ಬರೆಯಬಹುದು:

"ನಮಸ್ಕಾರ ಸರ್. ನಾನು ಇಂಥವರ ಮಗಳು. ಈ ವರ್ಷ ಬಿ.ಕಾಂ. ಮುಗಿಸಿದ್ದೇನೆ. ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ಕೆಲಸ ಬರುತ್ತದೆ. ಹುಬ್ಬಳ್ಳಿ ಅಥವಾ ಬೆಳಗಾವಿಯಲ್ಲಿ ಅಕೌಂಟ್ಸ್ ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ಕಡೆ ಜಾಗ ಖಾಲಿ ಇದ್ದರೆ ಯಾರನ್ನು ಸಂಪರ್ಕಿಸಬೇಕು ಎಂದು ತಿಳಿಸುವಿರಾ?"

ಇಷ್ಟು ಸಾಕು. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ನೆನಪಿಸಿ. ದಿನವೂ ಕೇಳಬೇಡಿ. ದೊಡ್ಡ ಕಂಪನಿಗಳಲ್ಲಿ ಈಗಾಗಲೇ ಕೆಲಸದಲ್ಲಿರುವವರು ಇನ್ನೊಬ್ಬರ ಹೆಸರು ಸೂಚಿಸುವ ರೆಫರಲ್ ಪದ್ಧತಿ ಇರುತ್ತದೆ. ಅದರಿಂದ ಅರ್ಜಿ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಸಂದರ್ಶನವನ್ನು ನಾವೇ ಗೆಲ್ಲಬೇಕು.

ಜಾಲತಾಣದಲ್ಲಿ

ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆಯಲು ಹಣ ಬೇಡ. ಸ್ಪಷ್ಟ ಫೋಟೋ, ಓದು, ಬರುವ ಕೆಲಸ, ಬೇಕಾದ ಊರು ಇಷ್ಟನ್ನು ಬರೆಯಿರಿ. ಕೆಲಸ ಹುಡುಕುತ್ತಿರುವುದನ್ನು ಎಲ್ಲರಿಗೂ ತೋರಿಸಬಹುದು, ಇಲ್ಲವೇ ನೇಮಕ ಮಾಡುವವರಿಗೆ ಮಾತ್ರ ಕಾಣುವಂತೆ ಇಡಬಹುದು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ನ್ಯಾಷನಲ್ ಕೆರಿಯರ್ ಸರ್ವೀಸ್ ಪೋರ್ಟಲ್‌ನಲ್ಲೂ ನೋಂದಣಿ ಉಚಿತ.

ವಾಟ್ಸಾಪ್ ಗುಂಪಿಗೆ ಬಯೋಡೇಟಾ ಹಾಕುವುದಕ್ಕಿಂತ ಖಾಲಿ ಜಾಗದ ಮಾಹಿತಿ ಹಾಕುವುದು ಒಳ್ಳೆಯದು. ನಿಮ್ಮ ಅಂಗಡಿ, ಕಚೇರಿಯಲ್ಲಿ ಜನ ಬೇಕಿದ್ದರೆ ಕೆಲಸ, ಊರು, ಸಂಬಳ, ಕೊನೆಯ ದಿನಾಂಕ ಬರೆದು ಹಾಕಿ. ಬಯೋಡೇಟಾವನ್ನು ಕೇಳಿದವರಿಗೆ ಮಾತ್ರ ನೇರವಾಗಿ ಕಳುಹಿಸಿ. ಅದರಲ್ಲಿ ಆಧಾರ್, ಪ್ಯಾನ್, ಬ್ಯಾಂಕ್ ವಿವರ ಬೇಡ.

ಮೋಸಕ್ಕೆ ಸಿಗಬೇಡಿ

ಕೆಲಸ ಕೊಡುವವರು ನಮ್ಮಿಂದ ಹಣ ಕೇಳುವುದಿಲ್ಲ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಟೆಲಿಗ್ರಾಂನಲ್ಲಿ ವಿಡಿಯೋ ಲೈಕ್ ಮಾಡಿದರೆ ಹಣ ಎಂದು ಮೊದಲು ನೂರಿನ್ನೂರು ಕೊಟ್ಟು, ಆಮೇಲೆ ಸಾವಿರ ಸಾವಿರ ಕಟ್ಟಿಸಿಕೊಳ್ಳುವವರಿದ್ದಾರೆ. ಸರ್ಕಾರಿ ಕೆಲಸಕ್ಕೆ "ಒಳಗಿನ ಪರಿಚಯ ಇದೆ, ಹಣ ಕೊಡಿ" ಎನ್ನುವವರನ್ನಂತೂ ನಂಬಲೇಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಹಿರಿಯರಲ್ಲಿ ವಿನಂತಿ

ಯಾರಾದರೂ ಕೇಳಿದರೆ "ನೋಡೋಣ" ಎಂದು ತಿಂಗಳುಗಟ್ಟಲೆ ಕಾಯಿಸಬೇಡಿ. ಆಗದಿದ್ದರೆ ಆಗದು ಎನ್ನಿ, ಅವರು ಬೇರೆ ಕಡೆ ಪ್ರಯತ್ನಿಸುತ್ತಾರೆ. ಗೊತ್ತಿಲ್ಲದವರನ್ನು ಹೊಗಳಿ ಶಿಫಾರಸು ಮಾಡಬೇಡಿ. ಒಮ್ಮೆ ನಮ್ಮ ಮಾತು ಸುಳ್ಳಾದರೆ, ಮುಂದೆ ನಾವು ಕಳುಹಿಸುವ ಒಳ್ಳೆಯ ಹುಡುಗನಿಗೂ ಅಲ್ಲಿ ಬಾಗಿಲು ಮುಚ್ಚುತ್ತದೆ.

ಡಿಪೋ ಸೇರಿದ ಆ ಹುಡುಗ ಈಗ ಅಲ್ಲಿ ಜಾಗ ಖಾಲಿಯಾದಾಗಲೆಲ್ಲ ನನಗೆ ಫೋನ್ ಮಾಡುತ್ತಾನೆ. ಅಂಗಡಿಯಲ್ಲಿ ಮೆಲ್ಲಗೆ ಕೇಳಿ ಹೋದ ಇಬ್ಬರ ಮಕ್ಕಳಿಗೆ ಈಚೆಗೆ ಅವನ ನಂಬರನ್ನೇ ಕೊಟ್ಟಿದ್ದೇನೆ.