ರಮ್ಮಿನ ಪಾಲು, ಕಾಫಿಯ ಪಾಲು

ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ತಿರುವಿ ಹಾಕಿದರೆ ಹೆಸರಿನ ಹಿಂದೆ ಸುಬೇದಾರ್, ಹವಿಲ್ದಾರ್, ಕ್ಯಾಪ್ಟನ್ ಎಂದು ಬರೆಸಿಕೊಂಡವರು ಹಲವರು ಸಿಗುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ಕೊಟ್ಟ ಕಾಫಿ ಸೀಮೆಯಲ್ಲಿ ಇದು ಸಹಜವೇ. ಇಂಥವರ ಮನೆಗೆ ಹೋದಾಗ ಕಾಫಿ ಬರುವ ಮೊದಲೇ ಬಾಟಲಿ ಬರುವುದೂ ಅಷ್ಟೇ ಸಹಜವೆಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಕುಡಿತವನ್ನೇ ಬಿಡಿ ಎಂದು ಉಪದೇಶ ಮಾಡುವುದು ಈ ಪತ್ರಿಕೆಯ ಕೆಲಸವಲ್ಲ. ಕೊಡವ ಮನೆಗಳಲ್ಲಿ ಕಾರಣರಿಗೆ ಎಡೆ ಇಡುವಾಗ ಮದ್ಯವನ್ನೂ ಇಡುತ್ತಾರೆ. ಅದು ಹಿರಿಯರಿಗೆ ಸಲ್ಲುವ ಮರ್ಯಾದೆ, ಅದರ ತಂಟೆಗೆ ನಾವು ಹೋಗುವುದಿಲ್ಲ. ನಾವು ಹೇಳಹೊರಟಿರುವುದು ಒಂದು ಗುಟುಕಿಗೆ ಸಾಕೆನ್ನುವವನ ಪಾಡು.

ಸೈನ್ಯಕ್ಕೂ ರಮ್ಮಿಗೂ ನಂಟು ಹಳೆಯದು. ಬ್ರಿಟಿಷ್ ನೌಕಾಪಡೆಯಲ್ಲಿ ನಾವಿಕರಿಗೆ ದಿನವೂ ಅರ್ಧ ಪೈಂಟು ರಮ್ಮು ಸಲ್ಲುತ್ತಿತ್ತು. 1740ರಲ್ಲಿ ಅಡ್ಮಿರಲ್ ವರ್ನನ್ ಎಂಬಾತ ಅದಕ್ಕೆ ನಾಲ್ಕು ಪಾಲು ನೀರು ಬೆರೆಸಿ, ಎರಡು ಹೊತ್ತಿಗೆ ಹಂಚಿ ಕೊಡಬೇಕೆಂದು ಹುಕುಂ ಮಾಡಿದ. ಕಡಿಮೆ ಮಾಡುತ್ತ ಮಾಡುತ್ತ ಕೊನೆಗೆ 1970ರ ಜುಲೈ 31ರಂದು ಆ ಪಾಲು ಪೂರ್ತಿ ನಿಂತಿತು. ನಮಗೆ ಹೆಚ್ಚು ರುಚಿಸುವ ಸಂಗತಿ ಅಮೆರಿಕದ್ದು. ಅಲ್ಲಿಯ ಭೂಸೇನೆಯಲ್ಲಿ 1832ರಲ್ಲಿ ಮದ್ಯದ ಪಾಲನ್ನು ತೆಗೆದು, ಅದರ ಬದಲು ಸಿಪಾಯಿಗಳಿಗೆ ಕಾಫಿ ಮತ್ತು ಸಕ್ಕರೆ ಕೊಡುವ ಏರ್ಪಾಡಾಯಿತು. ಕಾಫಿ ಬೆಳೆಯುವ ನಾವು ಈ ಇಸವಿಯನ್ನು ಪಲ್ಪಿಂಗ್ ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ!

ಕೆಲವು ವರ್ಷಗಳ ಹಿಂದೆ ಶ್ರೀನಿವಾಸಪುರದ ಮಾವಿನ ಮಂಡಿ ನೋಡಲು ಸದಸ್ಯರ ತಂಡ ಕಟ್ಟಿಕೊಂಡು ಹೋಗಿದ್ದೆವು. ಮುಳಬಾಗಿಲಿನ ಹತ್ತಿರದ ಕುರುಡುಮಲೆಗೂ ಹೋದೆವು. ಸುಮಾರು 13 ಅಡಿ ಎತ್ತರದ ಏಕಶಿಲಾ ಗಣಪತಿ ಅಲ್ಲಿದ್ದಾನೆ. ಹೊಸ ಕೆಲಸ ಹಿಡಿಯುವವರು ಮೊದಲು ಅವನಿಗೆ ಕೈ ಮುಗಿದು ಹೋಗುವುದು ಆ ಸೀಮೆಯ ವಾಡಿಕೆ. ದೇವಸ್ಥಾನದ ಹೊರಗೆ ಒಬ್ಬ ನಿವೃತ್ತ ಹವಿಲ್ದಾರರ ಪರಿಚಯವಾಯಿತು. ಹಲಸೂರು ಕೆರೆಯ ಬಳಿ ಕೇಂದ್ರವಿರುವ, 1780ರಷ್ಟು ಹಳೆಯ ಮದ್ರಾಸ್ ಸ್ಯಾಪರ್ಸ್ ದಳದಲ್ಲಿದ್ದವರು. ಈಗ ಮಾವು, ಟೊಮೇಟೊ ಬೆಳೆಯುತ್ತಾರೆ. ನಮ್ಮ ತಂಡದ ಮಾಜಿ ಸುಬೇದಾರರೊಬ್ಬರು ಸಲಿಗೆಯಿಂದ, "ಏನು ಹವಿಲ್ದಾರ್ ಸಾಬ್, ಸಂಜೆಗೆ ಕೋಟಾ ಇದೆಯೋ?" ಎಂದರು. ಅವರು ನಕ್ಕು, "ಕಾರ್ಡಿದೆ ಸಾರ್, ಬಾಟ್ಲಿ ತರೋದು ಬಿಟ್ಟಿದ್ದೀನಿ" ಎಂದರು.

ಆಮೇಲೆ ಅವರು ಹೇಳಿದ್ದು ಬಹಳ ಯೋಚಿಸಬೇಕಾದ ಮಾತು. ಅವರ ಅಣ್ಣ ಸಾರಾಯಿಗೆ ಬಿದ್ದು ಒಂದೂವರೆ ಎಕರೆ ಕಳೆದಿದ್ದ. ಸಾರಾಯಿ ನಮ್ಮ ರಾಜ್ಯದಲ್ಲಿ ನಿಂತದ್ದು 2007ರ ಜುಲೈಯಲ್ಲಿ. ಆ ಜಮೀನು ಹೋದದ್ದು ಅದಕ್ಕೂ ಬಹಳ ಮೊದಲು. ಹಾಗೆಂದು ಇವರು ಕುಡಿಯುವುದೇ ಇಲ್ಲವೆಂದು ಶಪಥ ಮಾಡಲಿಲ್ಲ. ಬಡಾಖಾನಾದ ದಿನ ಒಂದು ಪೆಗ್ಗು, ಅಷ್ಟೇ. "ಪೂರ್ತಿ ಬಿಟ್ಟವ್ನಿಗೆ ಕಷ್ಟ ಇಲ್ಲ ಸಾರ್. ಅಯ್ಯಪ್ಪನ ಮಾಲೆ ಅಂದ್ರೆ ಬಿಡ್ತಾರೆ, ಡಾಕ್ಟರ್ ಹೇಳಿದ್ದಾರೆ ಅಂದ್ರೂ ಬಿಡ್ತಾರೆ. ಒಂದು ಕುಡಿದು ಸಾಕು ಅಂದವನನ್ನ ಮಾತ್ರ ಬಿಡಲ್ಲ. ಕೈಯಲ್ಲಿ ಗ್ಲಾಸ್ ಇದ್ಯಲ್ಲ!" ಜೊತೆಯವರ ಪ್ರಾಣ ನಮ್ಮ ಕೈಯಲ್ಲಿ, ನಮ್ಮದು ಅವರ ಕೈಯಲ್ಲಿ ಇರುವ ಕೆಲಸ, ಅಲ್ಲಿ ಗ್ಲಾಸು ಬೇಡವೆಂದರೆ ಗೆಳೆತನವೇ ಬೇಡವೆಂದಂತೆ ಕೇಳಿಸುತ್ತದೆ ಎಂದರು. ಅವರು ಕಂಡುಕೊಂಡ ಉಪಾಯ ಸರಳ. ಮೊದಲ ಗ್ಲಾಸನ್ನು ಖಾಲಿ ಮಾಡುತ್ತಿರಲಿಲ್ಲ, ಬಡಿಸುವ ಕೆಲಸಕ್ಕೆ ತಾವೇ ನಿಲ್ಲುತ್ತಿದ್ದರು. ಬಡಿಸುವವನಿಗೆ ಯಾರೂ ಬಲವಂತ ಮಾಡುವುದಿಲ್ಲವಂತೆ.

ಊರಿಗೆ ಬಂದ ಮೇಲೆ ಕಾಟ ಬೇರೆ ರೂಪದಲ್ಲಿ ಬಂತು. ಮಿಲಿಟರಿ ರಮ್ಮು ಅಗ್ಗ, ಅಸಲಿ ಎಂಬ ಹೆಸರು ಎಲ್ಲ ಕಡೆಯೂ ಇದೆಯಷ್ಟೆ. ನೆಂಟರು ಕೇಳಿದರು, ಬೋರ್‌ವೆಲ್ ರಿಪೇರಿಯವನು ಕೇಳಿದ, ಕಾಗದ ಪತ್ರದ ಕೆಲಸಕ್ಕೆ ಹೋದಲ್ಲೂ ಸೂಚನೆ ಸಿಕ್ಕಿತು. ಕೊಟ್ಟರೆ ನಿಯಮಕ್ಕೆ ವಿರುದ್ಧ, ಕೊಡದಿದ್ದರೆ ನಿಷ್ಠುರ. ಕೊನೆಗೆ ಕ್ಯಾಂಟೀನಿನಿಂದ ಸೋಪು, ಎಣ್ಣೆ ಮಾತ್ರ ತಂದು ಬಾಟಲಿಯ ಪಾಲನ್ನು ಅಲ್ಲಿಯೇ ಬಿಡತೊಡಗಿದರು. ಇದು ಕುರುಡುಮಲೆಯ ಕಥೆ ಮಾತ್ರವೇ? ನಮ್ಮ ತೋಟಗಳಲ್ಲಿ ಒಂದು ಬಾಟಲಿಗೆ ಎಷ್ಟು ಕೆಲಸ ನಡೆಯುತ್ತದೆಂದು ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ.

ಚಳಿಗೆ ರಮ್ಮು ಬೇಕೇ ಬೇಕೆಂಬ ವಾದವನ್ನು ಹಿಮದ ಗಡಿಯಲ್ಲಿದ್ದು ಬಂದವರು ಮುಂದಿಡುತ್ತಾರೆ. ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬೆಚ್ಚಗಾದಂತೆ ತೋರುವುದು ನಿಜ; ಆದರೆ ಅದೇ ದಾರಿಯಲ್ಲಿ ಒಳಗಿನ ಶಾಖ ಹೊರಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಂತೂ 2023ರಲ್ಲಿ, ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಅಳತೆಯೇ ಇಲ್ಲವೆಂದು ಸಾರಿತು. ಅದನ್ನು ಓದಿ ನಮ್ಮ ಹಿರಿಯ ಸದಸ್ಯರೊಬ್ಬರು, "ಹಾಗಾದರೆ ಮೆಣಸಿನ ಧಾರಣೆಗೂ ಸುರಕ್ಷಿತ ಅಳತೆ ಇಲ್ಲ" ಎಂದರು. ನಗೆ ಬಂದದ್ದು ಸರಿ. ಆದರೂ, ಇಪ್ಪತ್ತು ವರ್ಷ ಶಿಸ್ತಿನಲ್ಲಿ ಬದುಕಿದ ಮನುಷ್ಯ ಪಿಂಚಣಿ ಹಿಡಿದು ಊರಿಗೆ ಬಂದು, ಬೆಳಗಿನ ಹಾಜರಿಯೂ ಇಲ್ಲದೆ, ಸಂಜೆ ಐದಕ್ಕೇ ಗ್ಲಾಸು ಹಿಡಿಯುವುದನ್ನು ನಾವು ಕಂಡಿದ್ದೇವೆ. ಅವರಿಗೆ ಜೊತೆ ಕೊಟ್ಟವರು ನೆರೆಹೊರೆಯ ನಾವೇ ತಾನೆ? ಮಗ ರಜೆಗೆ ಬಂದಾಗ "ಫೌಜಿಯಾಗಿ ಇಷ್ಟೇನಾ?" ಎಂದು ಕೆಣಕುವವರು ಸೈನ್ಯದವರಲ್ಲ, ಮಾವಂದಿರು, ಭಾವಂದಿರು.

ಮಹಾಸಭೆಯ ರಾತ್ರಿ ಮಾಜಿ ಸೈನಿಕ ಸದಸ್ಯರು ತಾವೇ ವಂತಿಗೆ ಹಾಕಿ ಊಟ ಇಟ್ಟುಕೊಳ್ಳುವ ಪದ್ಧತಿ ಉಂಟು. ಈ ಸಲ ಅವರೊಡನೆ ಮಾತಾಡಿ ಎರಡು ಏರ್ಪಾಡು ಮಾಡಿದ್ದೇವೆ. ಗ್ಲಾಸಿನ ಮೇಲೆ ಕೈ ಇಟ್ಟವರನ್ನು ಬಡಿಸುವವರು ಎರಡನೆಯ ಸಲ ಕೇಳುವುದಿಲ್ಲ. ಸಂಘದ ಖರ್ಚಿನಲ್ಲಿ ಕಾಫಿಯ ಮೇಜು ಅದೇ ಪಡಸಾಲೆಯಲ್ಲಿ, ಬಾಟಲಿಗಳ ಮೇಜಿನ ಪಕ್ಕದಲ್ಲಿಯೇ ಇರುತ್ತದೆ; ಮೂಲೆಯಲ್ಲಿ ಅಲ್ಲ. ಅರೇಬಿಕಾ, ರೊಬಸ್ಟಾ ಬೆರಕೆ, ಚಿಕೋರಿ ಹಾಕುವುದಿಲ್ಲ. ರಾತ್ರಿ ಹತ್ತೂವರೆಯವರೆಗೂ ಬಿಸಿಯಾಗಿ ಸಿಗುತ್ತದೆ.